ರೇಡಾರ್ ಕೇಂದ್ರದ ಜನರೇಟರಿಗೆ ಹಿಮದ ಬೇಲಿ: ನನ್ನ ಅನುಭವ

ಕಳೆದ ಎರಡು ಚಳಿಗಾಲಗಳಲ್ಲಿ ನಾನು ನೋಡಿಕೊಳ್ಳುವ ರೇಡಾರ್ ಕೇಂದ್ರದ ಜನರೇಟರುಗಳು ಹಿಮ ನುಂಗಿ ಒಮ್ಮೆಯೂ ನಿಂತಿಲ್ಲ. ಅದಕ್ಕೂ ಹಿಂದಿನ ಮೂರು ಚಳಿಗಾಲಗಳಲ್ಲಿ ಇದೇ ಕಾರಣಕ್ಕೆ ಹನ್ನೊಂದೋ ಹನ್ನೆರಡೋ ಬಾರಿ ನಿಂತಿದ್ದವು. ಕಟ್ಟಡದಿಂದ ಎಪ್ಪತ್ತು ಮೀಟರ್ ಆಚೆ ಹಿಮ ತಡೆಯುವ ಬೇಲಿ ಹಾಕುತ್ತೇನೆ ಎಂದು ನಾನು ಹೇಳಿದಾಗ, ಅಷ್ಟು ದೂರದ ಬೇಲಿ ಕಟ್ಟಡಕ್ಕೆ ಏನು ಮಾಡೀತು ಎಂದು ಕೇಳಿದವರೇ ಹೆಚ್ಚು. ಈಗ ಅವರಲ್ಲಿ ಇಬ್ಬರು ಅದೇ ಬೇಲಿಯ ಅಳತೆಯನ್ನು ನನ್ನಿಂದ ಬರೆಸಿಕೊಂಡು ಹೋಗಿದ್ದಾರೆ. ಲಡಾಖ್, ಸಿಯಾಚಿನ್ ಕಡೆಯ ಸೇನಾ ನೆಲೆಗಳಲ್ಲಿ ಜನರೇಟರ್ ನಡೆಸಿದ ಕನ್ನಡಿಗರು ಹಲವರಿದ್ದಾರೆ. ಅಂಥವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಡೀಸೆಲ್ ಎಂಜಿನ್ನಿನ ಮೊದಲ ಪಾಠಗಳು ಅವರಿಗೆ ಬೇಕಿಲ್ಲವಾದ್ದರಿಂದ ಬಿಟ್ಟಿದ್ದೇನೆ. ರೇಡಾರಿನ ಒಳಗಿನ ವಿಷಯವನ್ನು ನಾನು ಬರೆಯುವಂತಿಲ್ಲ, ಅದು ನನ್ನ ಕೆಲಸವೂ ಅಲ್ಲ. ರೇಡಾರಿಗೆ ವಿದ್ಯುತ್ತು ತಪ್ಪದಂತೆ ನೋಡಿಕೊಳ್ಳುವುದಷ್ಟೇ ನನ್ನ ಪಾಲಿನದು.

ನಾನು ಉಳಿದುಕೊಳ್ಳುವ ಊರು ಕೆನಡಾದ ನುನಾವುಟ್ ಪ್ರದೇಶದ ಕೇಂಬ್ರಿಡ್ಜ್ ಬೇ. 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಕಾಣುವುದು ಜನವರಿಯ ಎರಡನೆಯ ವಾರದಲ್ಲಿ. ಸೋವಿಯತ್ ಬಾಂಬರುಗಳ ಮೇಲೆ ಕಣ್ಣಿಡಲು ಅಮೆರಿಕ ಮತ್ತು ಕೆನಡಾ ಸೇರಿ 1957ರಲ್ಲಿ ಕಾರ್ಯಾರಂಭ ಮಾಡಿದ ಡ್ಯೂ ಲೈನ್ ಎಂಬ ರೇಡಾರ್ ಸಾಲಿನ ಮುಖ್ಯ ಕೇಂದ್ರಗಳಲ್ಲಿ ಇದೂ ಒಂದಾಗಿತ್ತು. 1980ರ ದಶಕದ ಕೊನೆಯಿಂದ ಆ ಸಾಲಿನ ಜಾಗಕ್ಕೆ ನಾರ್ತ್ ವಾರ್ನಿಂಗ್ ಸಿಸ್ಟಮ್ ಬಂದಿತು. ಕೆನಡಾದ ಪಾಲಿಗೆ ದೂರ ನೋಡುವ 11 ರೇಡಾರುಗಳೂ ಅವುಗಳ ನಡುವಿನ ಸಂದುಗಳನ್ನು ತುಂಬುವ 36 ಸಣ್ಣ ರೇಡಾರುಗಳೂ ಬಂದವು. ಈ ಸಣ್ಣ ಕೇಂದ್ರಗಳಲ್ಲಿ ಮನುಷ್ಯರಿರುವುದಿಲ್ಲ. ರೇಡಾರ್ ಕಂಡದ್ದು ಉಪಗ್ರಹದ ಮೂಲಕ ದಕ್ಷಿಣದ ಒಂಟಾರಿಯೊದಲ್ಲಿರುವ ನಾರ್ತ್ ಬೇಯ ವಾಯುರಕ್ಷಣಾ ಕೇಂದ್ರವನ್ನು ತಲುಪುತ್ತದೆ. ನಾವು ಹೆಲಿಕಾಪ್ಟರಿನಲ್ಲಿ ವರ್ಷಕ್ಕೆ ಕೆಲವೇ ಬಾರಿ ಹೋಗಿ ಫಿಲ್ಟರ್, ಎಣ್ಣೆ, ಬ್ಯಾಟರಿ ನೋಡಿ ಬರುತ್ತೇವೆ. ನನ್ನ ಕಥೆ ನಡೆದದ್ದು ಅಂಥ ಒಂದು ಸಣ್ಣ ಕೇಂದ್ರದಲ್ಲಿ.

ಆರ್ಕ್ಟಿಕ್‌ನಲ್ಲಿ ಆಕಾಶದಿಂದ ಬೀಳುವ ಹಿಮ ಕಡಿಮೆ. ಬಿದ್ದ ಹಿಮವನ್ನೇ ಗಾಳಿ ನೆಲದಿಂದ ಎತ್ತಿ ತಿಂಗಳುಗಟ್ಟಲೆ ಅತ್ತಿಂದಿತ್ತ ಓಡಿಸುತ್ತಿರುತ್ತದೆ. ಹಾಗೆ ಓಡಿ ಓಡಿ ಸವೆದ ಹಿಮ ಜರಡಿ ಹಿಡಿದ ರಾಗಿಹಿಟ್ಟಿನಷ್ಟು ನುಣ್ಣಗಾಗಿರುತ್ತದೆ, ಮೈನಸ್ 35ರಲ್ಲಿ ಪೂರ್ತಿ ಒಣಗಿರುತ್ತದೆ, ಗಾಳಿ ಒಳಬರುವ ಪಟ್ಟಿಕಿಂಡಿಯ, ಅಂದರೆ ಲೂವರಿನ, ಯಾವ ಸಂದಿನಲ್ಲಿಯೂ ನುಗ್ಗುತ್ತದೆ. ಒಳಗೆ ಹೋದ ಹಿಮ ಫಿಲ್ಟರಿನ ಮೇಲೆ ಕುಳಿತು ಗಟ್ಟಿಯಾದರೆ ಎಂಜಿನ್ನಿಗೆ ಉಸಿರು ಸಾಲದೆ ಒಂದು ಜನರೇಟರ್ ನಿಲ್ಲುತ್ತದೆ, ಹೊರೆ ಎರಡನೆಯದಕ್ಕೆ ಹೋಗುತ್ತದೆ, ಅದೂ ಅದೇ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಕೆಲವೇ ಗಂಟೆಗಳಲ್ಲಿ ಅದೂ ನಿಲ್ಲುತ್ತದೆ. ಆಮೇಲೆ ನಾರ್ತ್ ಬೇಯ ಪರದೆಯಲ್ಲಿ ನಮ್ಮ ಕೇಂದ್ರ ಕತ್ತಲಾಗುತ್ತದೆ, ಕೇಂಬ್ರಿಡ್ಜ್ ಬೇಯಲ್ಲಿ ನನ್ನ ಫೋನ್ ಹೊಡೆದುಕೊಳ್ಳುತ್ತದೆ.

ಹಣದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೆಲಿಕಾಪ್ಟರಿಗೆ ಗಂಟೆಗೆ ಸುಮಾರು ಮೂರು ಸಾವಿರ ಡಾಲರ್, ಇಂಧನ ಬೇರೆ. ಹಿಮಗಾಳಿ ನಿಲ್ಲುವವರೆಗೆ ಅದು ಹಾರದೆ ನಿಂತಿದ್ದರೂ ದಿನದ ಬಾಡಿಗೆ ತಪ್ಪುವುದಿಲ್ಲ. ಮೊದಲ ಚಳಿಗಾಲದ ಒಂದೇ ಕರೆಗೆ, ನಾಲ್ಕು ದಿನ ಕಾದು, ಇಬ್ಬರು ಹೋಗಿ, ಫಿಲ್ಟರಿನ ಹಿಮ ಕೆರೆದು, ಎರಡು ಎಂಜಿನ್ ಮತ್ತೆ ಚಾಲೂ ಮಾಡಿ ಬರುವಷ್ಟರಲ್ಲಿ ನಲವತ್ತು ಸಾವಿರ ಡಾಲರ್ ಆಗಿತ್ತೆಂದು ನೆನಪು. ಕೆರೆದ ಹಿಮವೆಲ್ಲ ಸೇರಿ ಎರಡು ಬಕೆಟ್ ಇರಲಿಲ್ಲ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಇನ್ನೂ ಸಣ್ಣ ಕಣ್ಣಿನ ಫಿಲ್ಟರ್ ಹಾಕಿದೆ. ಮುಂಚೆ ಒಂದು ದಿನ ತಾಳುತ್ತಿದ್ದದ್ದು ಆರು ಗಂಟೆಗೆ ಕಟ್ಟಿಕೊಂಡಿತು. ಎರಡನೆಯ ಚಳಿಗಾಲದಲ್ಲಿ ಲೂವರಿನ ಹಿಂದೆ ವಿದ್ಯುತ್ ಹೀಟರ್ ಕೂರಿಸಿದೆ. ಸಾಮಾನಿಗೇ ಆರು ಸಾವಿರ ಡಾಲರ್ ಹತ್ತಿರ ಬಿತ್ತು. ಹಿಮವೇನೋ ಕರಗಿತು, ಆದರೆ ಕರಗಿದ ನೀರು ಒಂದು ಮೊಳ ಒಳಗೆ ಹೋಗಿ ಡ್ಯಾಂಪರಿನ (ಒಳಬರುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಕದದ) ಅಂಚಿನಲ್ಲಿ ಮಂಜುಗಡ್ಡೆಯಾಗಿ ಡ್ಯಾಂಪರನ್ನೇ ಮುಚ್ಚಿದ ಸ್ಥಿತಿಯಲ್ಲಿ ಬೆಸೆದುಬಿಟ್ಟಿತು. ಒಣ ಹಿಮವನ್ನಾದರೂ ಕೈಯಿಂದ ಕೆರೆಯಬಹುದು, ಆ ಗಡ್ಡೆಯನ್ನು ಬಿಡಿಸಲು ಉಳಿ ಬೇಕಾಯಿತು. ಅದರ ಮೇಲೆ ಹೀಟರ್ ತಿಂದ ವಿದ್ಯುತ್ತಿಗೂ ಅದೇ ಜನರೇಟರಿನ ಡೀಸೆಲ್ಲೇ ಖರ್ಚಾಗಿತ್ತು. ಅದೇ ವರ್ಷ ಗೋಡೆಯಿಂದ ನಾಲ್ಕು ಮೀಟರ್ ದೂರದಲ್ಲಿ ಪ್ಲೈವುಡ್ಡಿನ ಗಟ್ಟಿ ತಡೆಗೋಡೆ ನಿಲ್ಲಿಸಿದೆ. ಇದು ನನ್ನ ಅತಿ ದೊಡ್ಡ ತಪ್ಪು. ಗಾಳಿ ಆ ಹಲಗೆಯನ್ನು ದಾಟಿದ ಕೂಡಲೇ ನಿಂತು ತನ್ನ ಹಿಮವನ್ನೆಲ್ಲ ಹಲಗೆಗೂ ಗೋಡೆಗೂ ನಡುವೆ ಸುರಿಯಿತು. ಒಂದೇ ಬಿರುಗಾಳಿಗೆ ಗಾಳಿ ಎಳೆದುಕೊಳ್ಳುವ ಬಾಯಿಯಾದ ಇಂಟೇಕ್ ಹೂತುಹೋಯಿತು, ಬಾಗಿಲಿನ ಅರ್ಧವೂ ಮುಚ್ಚಿತು.

ಆ ದಿಬ್ಬವನ್ನು ಇಬ್ಬರು ಸೇರಿ ಅಗೆಯುತ್ತಿದ್ದಾಗ ನನಗೆ ನಮ್ಮ ಊರಿನ ಕಣ ನೆನಪಾಯಿತು. ಗದಗ ಜಿಲ್ಲೆಯಲ್ಲಿ ನಮ್ಮ ತಂದೆ ಜೋಳದ ರಾಶಿ ತೂರುವಾಗ ಗಾಳಿಗೆ ಅಡ್ಡಲಾಗಿ ನಮ್ಮನ್ನು ನಿಲ್ಲಗೊಡುತ್ತಿರಲಿಲ್ಲ. ಹೊಟ್ಟು ಎಲ್ಲಿ ಬೀಳಬೇಕೆಂಬುದನ್ನು ಗಾಳಿಯ ವೇಗವೇ ನಿರ್ಧರಿಸುತ್ತಿತ್ತು. ಬಣವಿಯ ಮರೆಗೆ ಬಂದು ಗಾಳಿ ಸೋತಲ್ಲಿ ಹೊಟ್ಟು ರಾಶಿ ಬೀಳುತ್ತಿತ್ತು. ಕೆರೆಗೆ ಹೂಳು ತುಂಬುವುದೂ ಹೀಗೆಯೇ, ನೀರು ಓಡುವ ಹಳ್ಳದಲ್ಲಿ ನಿಲ್ಲದ ಮಣ್ಣು ನೀರು ನಿಂತ ಕೆರೆಯಲ್ಲಿ ಕೂರುತ್ತದೆ. ಹಿಮಕ್ಕೂ ಅದೇ ನ್ಯಾಯವಾದರೆ, ಅದು ಉದುರುವ ಜಾಗವನ್ನು ನಾನೇ ಆರಿಸಿ ಕಟ್ಟಡಕ್ಕೆ ಬಹಳ ಮುಂಚೆಯೇ ಗಾಳಿಯನ್ನು ಸೋಲಿಸಬೇಕು ಎಂದು ತೀರ್ಮಾನಿಸಿದೆ.

ನಮ್ಮ ಜೊತೆ ಹಿಮಕರಡಿಯ ಕಾವಲಿಗೆ ಬರುತ್ತಿದ್ದ ಇನುಯಿಟ್ ಹಿರಿಯರೊಬ್ಬರಿದ್ದರು. ನಾನು ಗಾಳಿಮಾಪಕದ ಒಂದು ವರ್ಷದ ಅಂಕಿಗಳನ್ನು ಹಿಡಿದು ಬೇಲಿಯ ದಿಕ್ಕು ಲೆಕ್ಕ ಹಾಕುತ್ತಿದ್ದೆ. ಅವರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ನೆಲದ ಮೇಲೆ ನಾಲಿಗೆಯ ಆಕಾರದಲ್ಲಿ ಗಟ್ಟಿಯಾಗಿ ಕುಳಿತಿದ್ದ ಹಿಮದ ಸಣ್ಣ ದಿಬ್ಬಗಳನ್ನು ತೋರಿಸಿದರು. ಉಕಲುರೈತ್ ಎನ್ನುವ ಈ ದಿಬ್ಬಗಳು ವಾಯವ್ಯದ ಬಲವಾದ ಗಾಳಿಗೆ ಮೂಡುತ್ತವೆ. ಮಬ್ಬಿನಲ್ಲಿ ಏನೂ ಕಾಣದಿದ್ದಾಗ ಬೇಟೆಗಾರರು ಅವುಗಳನ್ನೇ ನೋಡಿ ದಿಕ್ಕು ಹಿಡಿಯುತ್ತಾರೆ. "ಹಿಮ ಹೊತ್ತು ತರುವ ಗಾಳಿ ಯಾವುದೆಂದು ನೆಲವೇ ಬರೆದಿಟ್ಟಿದೆ, ನಿಮ್ಮ ಯಂತ್ರ ಎಲ್ಲ ಗಾಳಿಯನ್ನೂ ಬರೆಯುತ್ತದೆ" ಎಂದರು. ನನ್ನ ಲೆಕ್ಕಕ್ಕೂ ನೆಲದ ಗುರುತಿಗೂ ಸುಮಾರು ಇಪ್ಪತ್ತು ಡಿಗ್ರಿ ವ್ಯತ್ಯಾಸವಿತ್ತು. ನಾನು ನೆಲದ ಗುರುತನ್ನೇ ನಂಬಿದೆ, ಆ ನಂಬಿಕೆ ಸರಿಯಾಗಿತ್ತು.

ಬೇಲಿಯ ಎತ್ತರ ಸುಮಾರು 2.4 ಮೀಟರ್, ಅರ್ಧದಷ್ಟು ತೂತಿರುವ ಪ್ಲಾಸ್ಟಿಕ್ ಜಾಲರಿ, ನೆಲದಿಂದ ಒಂದು ಅಡಿ ಬಿಟ್ಟು ಕಟ್ಟಿದ್ದು. ಆ ಒಂದು ಅಡಿಯ ಸಂದನ್ನು ಮುಚ್ಚಿದರೆ ಬೇಲಿ ತನ್ನದೇ ಹಿಮದಲ್ಲಿ ಹೂತುಹೋಗುತ್ತದೆ. ಅರ್ಧ ತೂತಿರುವ ಬೇಲಿಯ ಹಿಂದಿನ ದಿಬ್ಬ, ಪೂರ್ತಿ ತುಂಬಿದಾಗ, ಎತ್ತರದ ಮೂವತ್ತು ಪಟ್ಟಿನವರೆಗೆ ಚಾಚುತ್ತದೆ. ಎಪ್ಪತ್ತು ಮೀಟರ್ ಎಂಬ ಲೆಕ್ಕ ಬಂದದ್ದು ಅಲ್ಲಿಂದ. ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುವುದರಿಂದ ಕಂಬಕ್ಕೆ ಗುಂಡಿ ತೋಡುವುದು ಆಗದ ಮಾತು. ಮೊದಲು ಪೈಪುಗಳನ್ನು ಹಿಮದಲ್ಲಿ ನಿಲ್ಲಿಸಿ ಬುಡಕ್ಕೆ ನೀರು ಹೊಯ್ದು ಹೆಪ್ಪುಗಟ್ಟಿಸಿದೆ. ಜನವರಿಯಲ್ಲಿ ಬಂಡೆಯಂತೆ ನಿಂತಿದ್ದವು ಜೂನ್‌ನಲ್ಲಿ ಸಾಲಾಗಿ ಮಲಗಿದ್ದವು. ಕಲ್ಲು ತುಂಬಿದ ಡ್ರಮ್ಮುಗಳು ಸುಲಭವಾಗುತ್ತಿದ್ದವು, ಆದರೆ ಇಲ್ಲಿ ಡ್ರಮ್ ಬಿಟ್ಟು ಬರಲು ಯಾರೂ ಒಪ್ಪುವುದಿಲ್ಲ. ಡ್ಯೂ ಲೈನ್ ಕಾಲದವರು ಬಿಟ್ಟುಹೋದ ಡ್ರಮ್ಮುಗಳನ್ನೂ ಪಿಸಿಬಿ ವಿಷ ಬೆರೆತ ಮಣ್ಣನ್ನೂ ತೆಗೆಯಲು ಕೆನಡಾದ ರಕ್ಷಣಾ ಇಲಾಖೆ 21 ಹಳೆಯ ಕೇಂದ್ರಗಳಲ್ಲಿ 50 ಕೋಟಿ ಡಾಲರಿಗೂ ಮೀರಿ ಖರ್ಚು ಮಾಡಿದೆ. ಕೊನೆಗೆ ಪಶ್ಚಿಮ ಘಟ್ಟದ ರಸ್ತೆಗಳ ಅಂಚಿನಲ್ಲಿ ಕಟ್ಟುವಂತೆ ತಂತಿಯ ಬುಟ್ಟಿಯಲ್ಲಿ ಅಲ್ಲಿಯದೇ ಕಲ್ಲು ತುಂಬಿ ಕಂಬಗಳನ್ನು ನಿಲ್ಲಿಸಿದೆವು.

ಮೊದಲ ವರ್ಷದ ಬೇಲಿಯೂ ಗೆಲ್ಲಲಿಲ್ಲ. ಹಣ ಉಳಿಸಲು ಅಗ್ಗದ ಜಾಲರಿ ತಂದಿದ್ದೆ, ಅದು ಡಿಸೆಂಬರಿನಲ್ಲಿಯೇ ಹರಿಯಿತು. ಉದ್ದವನ್ನೂ ನಲವತ್ತು ಮೀಟರಿಗೆ ನಿಲ್ಲಿಸಿದ್ದೆ. ಗಾಳಿ ಎರಡು ತುದಿಗಳನ್ನು ಬಳಸಿ ಬಂದು ಇಂಧನದ ವಾಲ್ವಿನ ಮೇಲೆಯೇ ಒಂದು ದಿಬ್ಬ ಕಟ್ಟಿತು. ಬೇಲಿಯನ್ನು ಕಿತ್ತುಹಾಕಿ ಎಂಬ ಪತ್ರ ಬಂದದ್ದು ಆಗಲೇ. ಇನ್ನೊಂದು ಬೇಸಿಗೆ ಕೊಡಿ ಎಂದು ಬೇಡಿಕೊಂಡು ಗಟ್ಟಿ ಜಾಲರಿಯಲ್ಲಿ ನೂರು ಮೀಟರಿಗೆ ಬೆಳೆಸಿದೆ. ಸಾಗಣೆಯೂ ಸೇರಿ ಬೇಲಿಗೆ ಒಟ್ಟು ಹದಿನೆಂಟು ಸಾವಿರ ಡಾಲರ್ ಆಗಿರಬಹುದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಲಿಕಾಪ್ಟರಿನ ಪಾಲು.

ಬೇಲಿ ನೂರಕ್ಕೆ ಎಂಬತ್ತು ಪಾಲು ಹಿಮವನ್ನು ಹಿಡಿದಿರಬೇಕು ಎಂದು ನನ್ನ ಅಂದಾಜು. ಉಳಿದದ್ದಕ್ಕೆ ಇಂಟೇಕಿನ ಹೊರಗೆ ತಗಡಿನ ದೊಡ್ಡ ಪೆಟ್ಟಿಗೆ ಕಟ್ಟಿದೆ. ಇಲ್ಲಿಯೂ ಹೂಳಿನ ಲೆಕ್ಕವೇ. ಹಳೆಯ ಲೂವರಿನಲ್ಲಿ ಗಾಳಿ ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಒಳಬರುತ್ತಿತ್ತು. ಪೆಟ್ಟಿಗೆಯ ಬಾಯಿಯನ್ನು ಕೆಳಮುಖವಾಗಿ ಆರು ಪಟ್ಟು ದೊಡ್ಡದು ಮಾಡಿದ್ದರಿಂದ ವೇಗ ಅರ್ಧ ಮೀಟರಿಗೆ ಇಳಿಯಿತು, ಅಷ್ಟು ನಿಧಾನದ ಗಾಳಿ ಹಿಮವನ್ನು ಮೇಲಕ್ಕೆ ಹೊರಲಾರದು. ಪೆಟ್ಟಿಗೆಯೊಳಗೆ ಒಂದು ತಗಡನ್ನು ಬಾಗಿಸಿ ಕೂರಿಸಿದ್ದೇನೆ. ಅದರ ಬಾಗು ಎಷ್ಟು, ಅದಕ್ಕೆ ಒಳಗಡೆ ಏನು ಬಳಿದಿದ್ದೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಅದಕ್ಕೆ ಎರಡು ಚಳಿಗಾಲ ಹೋಗಿದೆ. ಆದರೆ ಒಂದನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ: ಪೆಟ್ಟಿಗೆ ಹೊರಗಿನಷ್ಟೇ ತಣ್ಣಗಿರಬೇಕು. ರೇಡಿಯೇಟರಿನ ಬಿಸಿಗಾಳಿಯನ್ನು ಬೆರೆಸುವುದಿದ್ದರೆ ಹಿಮ ಉದುರಿದ ಮೇಲೆ, ಒಳಗಿನ ಡ್ಯಾಂಪರಿನ ಹಿಂದೆ ಬೆರೆಸಬೇಕು. ಒದ್ದೆಯಾದ ಹಿಮ ಎಲ್ಲಿಯೂ ಉದುರುವುದಿಲ್ಲ, ಅಂಟಿಕೊಳ್ಳುತ್ತದೆ.

ಬಿಸಿಗಾಳಿಯನ್ನು ಎಲ್ಲಿ ಬೆರೆಸಬೇಕೆಂದು ನನಗೆ ತಿಳಿದದ್ದು ಇಡ್ಲಿ ಹಿಟ್ಟಿನಿಂದ. ಪೆಟ್ಟಿಗೆ ಕಟ್ಟಲು ಒಂಬತ್ತು ದಿನ ಆ ಕೇಂದ್ರದಲ್ಲಿಯೇ ಉಳಿದಿದ್ದೆವು. ಹಿಟ್ಟನ್ನು ಎರಡು ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ಹಾಕಿ ಜನರೇಟರ್ ಕೋಣೆಯ ಮೇಲಿನ ಅಟ್ಟಣಿಗೆಯಲ್ಲಿ ಒಂದು, ನೆಲದ ಹತ್ತಿರ ಒಂದು ಇಟ್ಟೆ. ಮೇಲಿನದು ಹನ್ನೆರಡು ಗಂಟೆಯಲ್ಲಿ ಉಕ್ಕಿ ಬಂದಿತು, ಕೆಳಗಿನದು ಮರುದಿನವೂ ರುಬ್ಬಿದಂತೆಯೇ ಇತ್ತು. ಥರ್ಮಾಮೀಟರ್ ಹಿಡಿದು ನೋಡಿದರೆ ಮೇಲೆ 31 ಡಿಗ್ರಿ, ಕೆಳಗೆ 4. ಕೋಣೆಯ ಉಷ್ಣಾಂಶ ತೋರಿಸುವ ಸೆನ್ಸರ್ ಮೇಲಿತ್ತು. ಅದರ ಮಾತು ಕೇಳಿ ಡ್ಯಾಂಪರ್ ತೆರೆದುಕೊಳ್ಳುತ್ತಿತ್ತು, ಕೆಳಗೆ ನೆಲದುದ್ದಕ್ಕೂ ತಣ್ಣನೆಯ ಗಾಳಿ ಹರಿದು ಬ್ಯಾಟರಿಗಳನ್ನು ಕೊರೆಯುತ್ತಿತ್ತು. ಸೆನ್ಸರನ್ನು ಸೊಂಟದ ಎತ್ತರಕ್ಕೆ ಇಳಿಸಿ, ಬಿಸಿಗಾಳಿಯನ್ನು ಬುಡದಲ್ಲಿಯೇ ಬೆರೆಸಿದೆ. ಡ್ಯಾಂಪರ್ ತೆರೆಯುವುದು ಕಡಿಮೆಯಾದ್ದರಿಂದ ಒಳಗೆ ಎಳೆಯುವ ಗಾಳಿಯೂ ಅದರೊಂದಿಗೆ ಹಿಮವೂ ಇನ್ನಷ್ಟು ಕಡಿಮೆಯಾದವು. ಆ ಕೋಣೆಯಲ್ಲಿ ಉಬ್ಬಿದ ಹಿಟ್ಟಿನ ಇಡ್ಲಿಯನ್ನು ಹಿರಿಯರು ತಮ್ಮ ಮನೆಯಿಂದ ತಂದ ಒಣಗಿಸಿದ ಚಾರ್ ಮೀನಿನೊಂದಿಗೆ ತಿಂದು ಮೆಚ್ಚಿಕೊಂಡರು.

ಅದೇ ಒಂಬತ್ತು ದಿನಗಳಲ್ಲಿ ಕ್ರ್ಯಾಂಕ್‌ಕೇಸ್ ಬ್ರೀದರಿನ, ಅಂದರೆ ಎಂಜಿನ್ನಿನೊಳಗಿನ ಒತ್ತಡವನ್ನು ಹೊರಬಿಡುವ, ಪೈಪನ್ನೂ ಬದಲಾಯಿಸಿದೆ. ಹೊರಗೆ ಬಿಟ್ಟ ಪೈಪಿನ ತುದಿಯಲ್ಲಿ ಎಂಜಿನ್ನಿನ ತೇವ ಹೆಪ್ಪುಗಟ್ಟಿ, ಒತ್ತಡ ಏರಿ, ಹಿಂದಿನ ವರ್ಷ ಒಂದು ಸೀಲ್ ಹಾರಿ ಕೋಣೆಯ ತುಂಬ ಎಣ್ಣೆಯಾಗಿತ್ತು. ಈಗ ಪೈಪಿನ ಬಾಯಿ ಬಿಸಿಗಾಳಿ ಹೊರಹೋಗುವ ನಾಳದೊಳಗೇ ಇದೆ. ತೀರಾ ಸಣ್ಣ ಕೆಲಸ, ಎರಡು ಗಂಟೆ ಸಾಕು.

ಹಿಮದೊಂದಿಗೆ ಹಣದ ಬಲದಿಂದ ಸೆಣಸಿದವರೂ ಸೋತಿದ್ದಾರೆ. ಗ್ರೀನ್‌ಲ್ಯಾಂಡಿನ ಹಿಮಹಾಸಿನ ಮೇಲಿದ್ದ ಡೈ-2 ಎಂಬ ರೇಡಾರ್ ಕೇಂದ್ರವನ್ನು ದಿಬ್ಬ ಏರಿದಂತೆಲ್ಲ ಕಂಬಗಳ ಮೇಲೆ ಜ್ಯಾಕ್ ಹಾಕಿ ಎತ್ತುತ್ತಿದ್ದರು. 1988ರಲ್ಲಿ ಅದನ್ನು ತೊರೆದು ಬಂದರು. ನಮ್ಮದು ಗಟ್ಟಿ ನೆಲದ ಮೇಲಿದೆ, ಬೇಸಿಗೆಯಲ್ಲಿ ದಿಬ್ಬ ಕರಗಿ ಹೋಗುತ್ತದೆ ಎಂಬುದೇ ನಮ್ಮ ದೊಡ್ಡ ಅನುಕೂಲ.

ಬೇಲಿ, ಪೆಟ್ಟಿಗೆ ಎರಡಕ್ಕೂ ಸೇರಿ ಇಪ್ಪತ್ತೈದು ಸಾವಿರ ಡಾಲರ್ ಖರ್ಚು. ಎರಡು ಚಳಿಗಾಲಗಳಲ್ಲಿ ತಪ್ಪಿದ ಹೆಲಿಕಾಪ್ಟರ್ ಕರೆಗಳನ್ನು ಲೆಕ್ಕ ಹಾಕಿದರೆ, ಕರೆಗೆ ಮೂವತ್ತು ಸಾವಿರವೆಂದು ಹಿಡಿದರೂ, ಉಳಿತಾಯ ಎರಡು ಲಕ್ಷ ಡಾಲರಿಗೆ ಕಡಿಮೆಯಿಲ್ಲ. ಬಗೆಹರಿಯದೆ ಉಳಿದಿರುವುದು ವಸಂತದಲ್ಲಿ ಆಗೊಮ್ಮೆ ಈಗೊಮ್ಮೆ ಆಗ್ನೇಯದಿಂದ ಬೀಸುವ ಗಾಳಿ. ಆ ಕಡೆ ಬೇಲಿಯಿಲ್ಲ, ಕಳೆದ ಏಪ್ರಿಲ್‌ನಲ್ಲಿ ಫಿಲ್ಟರಿನ ಮೇಲೆ ಒಂದು ಬೆರಳಿನಷ್ಟು ಹಿಮ ಸಿಕ್ಕಿತ್ತು. ಇನ್ನೂ ಎರಡು ಕೇಂದ್ರಗಳಿಗೆ ಬೇಕಾದ ಜಾಲರಿ ಆಗಸ್ಟ್‌ನ ಹಡಗಿನಲ್ಲಿ ಬರುತ್ತದೆ. ಅವುಗಳ ನೆಲದ ಮೇಲಿನ ನಾಲಿಗೆದಿಬ್ಬಗಳ ದಿಕ್ಕನ್ನು ಹಿಮ ಕರಗುವ ಮುಂಚೆಯೇ ಹಿರಿಯರೊಂದಿಗೆ ಹೋಗಿ ಅಳೆದು, ಗೂಟ ಹೊಡೆದು ಬಂದಿದ್ದೇನೆ.