ಎ-60 ಗೋಡೆಯ ಇನ್ಸುಲೇಶನ್ ಮಾಡೆಲಿಂಗ್: ನನ್ನ ಅನುಭವ

ಕಳೆದ ತಿಂಗಳು ಯಾರ್ಡಿನಲ್ಲಿ, ಸಮುದ್ರದ ವಿದ್ಯುತ್ ವೇದಿಕೆಯೊಂದಕ್ಕೆ ಕಟ್ಟುತ್ತಿರುವ ನಮ್ಮ ಮಾಡ್ಯೂಲಿನ ಮೊದಲ ಆರು ಕೋಣೆಗಳ ಎ-60 ಗೋಡೆಗಳಿಗೆ, ಅಂದರೆ ಬೆಂಕಿಯನ್ನೂ ಅದರ ಶಾಖವನ್ನೂ 60 ನಿಮಿಷ ತಡೆಯಬೇಕಾದ ಉಕ್ಕಿನ ಗೋಡೆಗಳಿಗೆ, ಮಿನರಲ್ ವೂಲ್ ಹೊದಿಸಿದರು. ಕಳಚಬೇಕಾಗಿ ಬಂದದ್ದು ಒಂದೇ ಒಂದು ಕೇಬಲ್ ಟ್ರೇ, ಅದೂ ನಮ್ಮ 3ಡಿ ಮಾಡೆಲಿನಲ್ಲಿ ಇಲ್ಲದೆ ಸೈಟಿನಲ್ಲೇ ಸೇರಿಸಿದ್ದು. ಇನ್ಸುಲೇಶನ್ನನ್ನು ಘನವಾಗಿಯೇ ಮಾಡೆಲ್ ಮಾಡಬೇಕೆಂದು ನಾನು ಹಟ ಹಿಡಿದಾಗ, ಫೈಲು ಭಾರವಾಗುತ್ತದೆ, ಗಂಟೆಗಳು ದಂಡವಾಗುತ್ತವೆ, ಪ್ಯಾರಾಮೀಟರಿನಲ್ಲಿ ದಪ್ಪ ಬರೆದರೆ ಸಾಕು ಎಂದವರೇ ಹೆಚ್ಚಾಗಿದ್ದರು. ಆ ಮಾತಾಡಿದವರಲ್ಲಿ ಇಬ್ಬರು ಈಗ ನನ್ನ ರೆವಿಟ್ ಫ್ಯಾಮಿಲಿಗಳನ್ನು, ಅಂದರೆ ಆ ಮಾಡೆಲಿಂಗ್ ತಂತ್ರಾಂಶದಲ್ಲಿ ಮತ್ತೆ ಮತ್ತೆ ಬಳಸಬಹುದಾದ ಸಿದ್ಧ ಭಾಗಗಳನ್ನು, ಕೇಳಿ ಪಡೆದಿದ್ದಾರೆ.

ನಾನು ಬೆಂಗಳೂರಿನಲ್ಲಿ ಎಂಟೊಂಬತ್ತು ವರ್ಷ ಆಸ್ಪತ್ರೆ, ಟೆಕ್ ಪಾರ್ಕುಗಳನ್ನು ಮಾಡೆಲ್ ಮಾಡಿ ಆಮೇಲೆ ಸಮುದ್ರದ ವೇದಿಕೆಗಳ ಕಡೆ ಬಂದವನು. ಉತ್ತರ ಸಮುದ್ರಕ್ಕೆಂದು ಈಗ ಕಟ್ಟುತ್ತಿರುವ 2 ಗಿಗಾವಾಟ್, 525 ಕಿಲೋವೋಲ್ಟ್‌ನ ಏಕಮುಖ ವಿದ್ಯುತ್ ವೇದಿಕೆಗಳಲ್ಲಿ ಎಸಿಯನ್ನು ಡಿಸಿಗೆ ಬದಲಿಸುವ ಕನ್ವರ್ಟರುಗಳು ಉಪ್ಪುಗಾಳಿ ತಾಗದಂತೆ ಮುಚ್ಚಿದ ಹಾಲುಗಳೊಳಗೆ ಇರುತ್ತವೆ. ಹಾಗಾಗಿ ಪೈಪಿಂಗ್‌ನವರಿಗಿಂತ ಗೋಡೆ, ಬಾಗಿಲು, ಡಕ್ಟು ಗೊತ್ತಿರುವವರಿಗೆ ಅಲ್ಲಿ ಕೆಲಸ ಹೆಚ್ಚು.

ಮೊದಲ ಪೆಟ್ಟು ಬಿದ್ದದ್ದು ಒರಿಜಿನ್, ಅಂದರೆ ಮಾಡೆಲಿನ ಶೂನ್ಯ ಬಿಂದುವಿನ ವಿಷಯದಲ್ಲಿ. ಸರ್ವೆಯವರು ಕೊಟ್ಟ ಯುಟಿಎಂ (ನಕಾಶೆಯ ಮೇಲಿನ ಸ್ಥಾನದ) ಅಂಕಿಗಳನ್ನು ನೇರವಾಗಿ ಹಾಕಿ ಲಿಂಕ್ ಮಾಡಿದೆ. ಉತ್ತರದ ಅಂಕಿ ಸುಮಾರು 60 ಲಕ್ಷ ಮೀಟರ್, ಅಂದರೆ 600 ಕೋಟಿ ಮಿಲಿಮೀಟರ್. ಒಂದು ಸಂಖ್ಯೆಗೆ 32 ಬಿಟ್ ಮಾತ್ರ ಕೊಡುವ ಸಿಂಗಲ್ ಪ್ರಿಸಿಶನ್ ಲೆಕ್ಕದಲ್ಲಿ ಅಷ್ಟು ದೊಡ್ಡ ಸಂಖ್ಯೆಗೂ ಅದರ ಪಕ್ಕದ ಸಂಖ್ಯೆಗೂ 512 ಮಿಲಿಮೀಟರ್ ಅಂತರವಿರುತ್ತದೆ. ವ್ಯೂವರಿನಲ್ಲಿ ಪೈಪುಗಳು ಗರಗಸದ ಹಲ್ಲಿನಂತೆ ಕಂಡವು, ರೆವಿಟ್ ಬೇರೆ ಒರಿಜಿನ್ನಿನಿಂದ ತನ್ನ 16 ಕಿಲೋಮೀಟರ್ ಮಿತಿಯ ಎಚ್ಚರಿಕೆ ಕೊಡುತ್ತಲೇ ಇತ್ತು. ವೇದಿಕೆಯ ಒಂದು ಕಾಲಿನ ಕೇಂದ್ರವನ್ನೇ ಶೂನ್ಯವಾಗಿಸಿ, ಎತ್ತರವನ್ನು ಅತಿ ಕೆಳಗಿನ ಇಳಿತದ ಮಟ್ಟದಿಂದ ಅಳೆದು, ಪ್ಲಾಟ್‌ಫಾರ್ಮ್ ನಾರ್ತ್ (ವೇದಿಕೆಗೆಂದೇ ಗೊತ್ತುಮಾಡಿದ ಉತ್ತರ ದಿಕ್ಕು) ಒಂದನ್ನೇ ಬಳಸಿ ಎಲ್ಲವನ್ನೂ ಮತ್ತೆ ಕೂರಿಸಲು ಮೂರು ವಾರ ಹಿಡಿಯಿತು. ಇಡೀ ಕೆಲಸಕ್ಕೆ ಒಂದೇ ಮೊತ್ತದ ಲಂಪ್‌ಸಮ್ ಒಪ್ಪಂದವಾಗಿದ್ದರಿಂದ ಆ ಮೂರು ವಾರಕ್ಕೆ ಒಂದು ಪೈಸೆಯೂ ಬರಲಿಲ್ಲ.

ಎರಡನೆಯ ಪೆಟ್ಟು ಇನ್ನೂ ದೊಡ್ಡದು. ಎ-60 ಗೋಡೆ ಉಕ್ಕಿನ ಡೆಕ್ಕನ್ನು ಸೇರುವ ಕಡೆ, ಶಾಖ ಉಕ್ಕಿನ ಮೂಲಕವೇ ಆಚೆ ದಾಟದಂತೆ, ಇನ್ಸುಲೇಶನ್ ಮೂಲೆ ತಿರುಗಿ ಕನಿಷ್ಠ 450 ಮಿಲಿಮೀಟರ್ ಮುಂದುವರಿಯಬೇಕೆಂಬುದು ಹಡಗಿನವರಿಗೆ ಕರಗತವಾದ ಸೋಲಾಸ್ (ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮ, ಕಟ್ಟಡದಿಂದ ಬಂದ ನಮಗೆ ಮಾತ್ರ ಹೊಸದು. ಟ್ರೇಗಳೂ ಡಕ್ಟುಗಳೂ ಓಡುವುದು ಸೂರಿನ ಅದೇ ಮೂಲೆಯಲ್ಲಿ. ಮೊದಲ ಪ್ರಾಜೆಕ್ಟಿನಲ್ಲಿ ಬರಿಯ ಉಕ್ಕಿನ ಹಾಳೆಯಿಂದ 50 ಮಿಲಿಮೀಟರ್ ಬಿಟ್ಟು ಟ್ರೇ ಎಳೆದಿದ್ದೆವು, ಒಂದು ಭಾಗ ಇನ್ನೊಂದಕ್ಕೆ ಎಲ್ಲಿ ತಗುಲುತ್ತದೆಂದು ತೋರಿಸುವ ಕ್ಲ್ಯಾಶ್ ರಿಪೋರ್ಟು ಶುದ್ಧವಾಗಿತ್ತು. ಯಾರ್ಡಿನಲ್ಲಿ ವೂಲ್ ತಂದವನಿಗೆ ಕೈ ತೂರಿಸಲೂ ಜಾಗವಿರಲಿಲ್ಲ. ನೂರಾರು ಮೀಟರ್ ಟ್ರೇ ಬಿಚ್ಚಿ ಮತ್ತೆ ತೂಗುಹಾಕಿದರು, ಆ ಖರ್ಚಿನ ಒಂದು ಪಾಲು ನನ್ನ ಕೊನೆಯ ಇನ್ವಾಯ್ಸಿನಿಂದ ಕಡಿತವಾಯಿತು. ನೆನಪಿರುವಂತೆ ಎರಡು ಲಕ್ಷ ರೂಪಾಯಿಗೆ ಸ್ವಲ್ಪ ಕಡಿಮೆ.

ಎರಡನೆಯ ಪ್ರಾಜೆಕ್ಟಿನಲ್ಲಿ ವೂಲನ್ನು ಗೋಡೆಯ ಪದರವಾಗಿ ಕೊಡದೆ ಪ್ರತ್ಯೇಕ ಫೈಲಿನಲ್ಲಿ, ಪ್ರತ್ಯೇಕ ಘನವಾಗಿ ಮಾಡಿದೆ. ಸ್ಟಿಫನರ್ (ಗೋಡೆಯ ಹಾಳೆಗೆ ಬಲ ಕೊಡುವ ಉಕ್ಕಿನ ಪಟ್ಟಿ) ಸುತ್ತುವ ಹೊದಿಕೆಗೆ ಒಂದು ಫ್ಯಾಮಿಲಿ, ಮೂಲೆಯ 450ರ ಪಟ್ಟಿಗೆ ಇನ್ನೊಂದು. ಕ್ಲ್ಯಾಶ್ ಹುಡುಕುವ ನೇವಿಸ್‌ವರ್ಕ್ಸ್ ತಂತ್ರಾಂಶದಲ್ಲಿ ಈ ಫೈಲನ್ನು ಟ್ರೇ, ಡಕ್ಟು, ಪೈಪುಗಳೊಡನೆ ಮಾತ್ರ ತಾಳೆ ನೋಡುತ್ತೇನೆ, ಉಕ್ಕಿನೊಡನೆ ಅಲ್ಲ. ಇಲ್ಲದಿದ್ದರೆ ಸಾವಿರಗಟ್ಟಲೆ ಸುಳ್ಳು ಕ್ಲ್ಯಾಶುಗಳಲ್ಲಿ ಮುಳುಗಿಹೋಗುತ್ತೀರಿ, ಮೊದಲ ಸಲ ನಾನು ಮುಳುಗಿದ್ದೆ. ಡಿಸೈನಿನ 60 ಶೇಕಡಾ ಮುಗಿದಾಗ ನಡೆಯುವ ರಿವ್ಯೂ ಹೊತ್ತಿಗೆ ಇದೊಂದರಿಂದಲೇ ಸುಮಾರು 260 ನಿಜವಾದ ಕ್ಲ್ಯಾಶುಗಳು ಸಿಕ್ಕವು, ಮುಕ್ಕಾಲು ಪಾಲು ಟ್ರೇಯವು. ಮೂಲೆಗಳನ್ನು ಹುಡುಕಿ ಪಟ್ಟಿಯನ್ನು ತಾನಾಗಿ ಕೂರಿಸುವ, ರೆವಿಟ್ ಜೊತೆ ಓಡುವ ಡೈನಮೋ ಸ್ಕ್ರಿಪ್ಟ್ ಒಂದಿದೆ. ಅದನ್ನು ಇಲ್ಲಿ ಬಿಚ್ಚಿಡಲಾರೆ, ಸದ್ಯ ನನ್ನ ಅನ್ನ ಅದರಲ್ಲೇ ಇದೆ.

ನಾನು ಎಣಿಸಿರದ ಲಾಭವೂ ಒಂದು ಸಿಕ್ಕಿತು. ಮೂಲೆಯ ಪಟ್ಟಿಗಳನ್ನು ಅದುವರೆಗೆ ಯಾರೂ ತೂಕದ ಪಟ್ಟಿಗೆ ಸೇರಿಸಿರಲಿಲ್ಲ. ನಮ್ಮ ಮಾಡ್ಯೂಲಿನಲ್ಲಿ ಅವೇ ಎರಡು ಟನ್ನಿನ ಹತ್ತಿರ ಬಂದವು. ಇಡೀ ಟಾಪ್‌ಸೈಡಿನ (ಕಾಲುಗಳ ಮೇಲೆ ಕೂರುವ ವೇದಿಕೆಯ ಭಾಗದ) ಮುಂದೆ ಅದು ಏನೂ ಅಲ್ಲ, ಆದರೂ ತೂಕದ ಲೆಕ್ಕ ನೋಡುವ ಜರ್ಮನಿಯ ಎಂಜಿನಿಯರು ಅಂದಿನಿಂದ ನನ್ನ ಮೇಲ್‌ಗಳಿಗೆ ಅದೇ ದಿನ ಉತ್ತರಿಸುತ್ತಾರೆ.

ಈ ನಡುವೆ ಒಂದು ಹುಚ್ಚಾಟವನ್ನೂ ಆಡಿದೆ. ರಿವ್ಯೂನಲ್ಲಿ ತೋರಿಸೋಣವೆಂದು ಪೀಣ್ಯದ ಅಂಗಡಿಯೊಂದರಲ್ಲಿ ಒಂದು ಡೆಕ್ಕನ್ನು 1:100ರಲ್ಲಿ 3ಡಿ ಪ್ರಿಂಟ್ ಮಾಡಿಸಿದೆ, ಹನ್ನೆರಡೋ ಹದಿಮೂರೋ ಸಾವಿರ ಹೋಯಿತು. 60 ಮಿಲಿಮೀಟರಿನ ವೂಲ್ ಅಲ್ಲಿ 0.6 ಮಿಲಿಮೀಟರ್ ಆಗಿ, ಆಟೋದಲ್ಲಿ ಮನೆ ತಲುಪುವಷ್ಟರಲ್ಲಿ ಅರ್ಧ ಉದುರಿತ್ತು. ಈಗ ಅದು ಮಗಳ ಗೊಂಬೆಗಳ ಮನೆ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಈಗ ಗಂಟೆಗೆ 22 ಯೂರೋ, ಏಜೆನ್ಸಿಯ ಪಾಲು ಕಳೆದು ಕೈಗೆ 16ರ ಆಸುಪಾಸು, ಬರುವುದು ಎರಡು ತಿಂಗಳು ತಡವಾಗಿ. ಲಂಪ್‌ಸಮ್ ಒಪ್ಪಂದಕ್ಕೆ ಮತ್ತೆ ಸಹಿ ಹಾಕಿಲ್ಲ. ಇನ್ಸುಲೇಶನ್ ಫೈಲಿಗೆ ಹಿಡಿದದ್ದು ಒಟ್ಟು 140 ಗಂಟೆ, ಅದರಲ್ಲಿ ಮೊದಲ 40 ಗಂಟೆಗೆ ಒಪ್ಪಿಗೆ ಸಿಗದೆ ನನ್ನ ಭಾನುವಾರಗಳೇ ಹೋದವು. ಕೇಬಲ್ ಗೋಡೆ ದಾಟುವ ಟ್ರಾನ್ಸಿಟ್ ಫ್ರೇಮುಗಳ ಸುತ್ತಲಿನ ಹೊದಿಕೆ ಇನ್ನೂ ಸರಿಹೋಗಿಲ್ಲ. ಅಲ್ಲಿ ಸ್ಕ್ರಿಪ್ಟು ದಾರಿ ತಪ್ಪುತ್ತದೆ, ಸದ್ಯಕ್ಕೆ ಒಂದೊಂದನ್ನೂ ಕೈಯಲ್ಲೇ ಕತ್ತರಿಸುತ್ತಿದ್ದೇನೆ.