ಡಬ್ಬದಾಗ ತೊಗರಿ ಅಲ್ಲಾಡಿಸಿದಂಗ

ನಮ್ಮ ಮನೆಯಲ್ಲಿ 1991ರ ಮಾರುತಿ 800 ಇದೆ. ಮೂರು ಸಿಲಿಂಡರ್, 796 ಸಿಸಿ, ಡೆಲ್ಕೋ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಒಳಗೆ ಹಳೇ ಕಾಲದ ಪಾಯಿಂಟ್, ಅಂದರೆ ತೆರೆದು ಮುಚ್ಚುವ ಪುಟ್ಟ ಸ್ವಿಚ್. ಹೋದ ಏಪ್ರಿಲ್‌ನಲ್ಲಿ ರೈಲ್ವೆ ಬ್ರಿಡ್ಜ್ ಏರುವಾಗ ಎಂಜಿನ್ ಕಟಕಟ ಅನ್ನತೊಡಗಿತು. ಹಿಂದೆ ಕೂತಿದ್ದ ಮಗಳು, "ಅಪ್ಪಾ, ಡಬ್ಬದಾಗ ತೊಗರಿ ಹಾಕಿ ಅಲ್ಲಾಡಿಸಿದಂಗ ಕೇಳ್ಲತ್ತದ" ಅಂದಳು. ಎಂಜಿನ್ ಒಳಗೆ ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿಯುವ ಈ ನಾಕಿಂಗ್‌ಗೆ ಇದಕ್ಕಿಂತ ಸರಿಯಾದ ವಿವರಣೆ ನಾನು ಕೇಳಿಲ್ಲ.

ಕಾರಣ ನನಗೆ ಗೊತ್ತಿತ್ತು. ಅದಕ್ಕೂ ವಾರದ ಹಿಂದೆ ಗಾಡಿ ಎಳೆಯುತ್ತಿಲ್ಲ ಅಂತ ಗ್ಯಾರೇಜಿಗೆ ಬಿಟ್ಟಿದ್ದೆ. ಉಸ್ತಾದ್ ಡೆಲ್ಕೋ ಸಡಿಲಿಸಿ, ಕಿವಿಗೊಟ್ಟು ಸ್ವಲ್ಪ ತಿರುಗಿಸಿ, "ಈಗ ಪಿಕಪ್ ನೋಡ್ರಿ ಸಾಹೇಬ್ರ, ಹೆಂಗ ಅದ!" ಅಂದಿದ್ದ. ಪಿಕಪ್ ಬಂದಿತ್ತು ನಿಜ. ಆದರೆ ಟೈಮಿಂಗ್ ಜಾಸ್ತಿ ಅಡ್ವಾನ್ಸ್ ಆಗಿತ್ತು, ಅಂದರೆ ಕಿಡಿ ಹೊತ್ತಿಗೆ ಮೊದಲೇ ಹಾರುತ್ತಿತ್ತು. ನಮ್ಮ ಕಲಬುರಗಿ ಬಿಸಿಲಿನಲ್ಲಿ ಒಳಗೆ ಬರುವ ಗಾಳಿಯೇ ಕಾದಿರುತ್ತದೆ, ನಾಕಿಂಗ್‌ಗೆ ಅಷ್ಟೇ ಸಾಕು. ಹಾಗೇ ಓಡಿಸುತ್ತಾ ಹೋದರೆ ಪಿಸ್ಟನ್‌ಗೇ ಪೆಟ್ಟು.

ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೇ ಶುರು ಮಾಡಿದೆ. ಹತ್ತರ ಮೇಲೆ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಮೊಣಕಾಲೂರಲು ಆಗುವುದಿಲ್ಲ.

ಮೊದಲು ಒಂದನೇ ಸಿಲಿಂಡರ್. ಅದು ಟೈಮಿಂಗ್ ಬೆಲ್ಟ್ ಕಡೆಯದು. ಕಿಡಿ ಹಾರುವ ಸರದಿ 1-3-2. ಮೂರೂ ಪ್ಲಗ್ ಬಿಚ್ಚಿ, ಗಾಡಿ ನಾಲ್ಕನೇ ಗೇರಿಗೆ ಹಾಕಿ, ಮಗನಿಗೆ ಮೆಲ್ಲಗೆ ದೂಕಲು ಹೇಳಿದೆ. ಪ್ಲಗ್ ತೂತಿನ ಮೇಲೆ ನನ್ನ ಹೆಬ್ಬೆರಳು. ಗಾಳಿ ಬೆರಳನ್ನು ತಳ್ಳಿದರೆ ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬರುತ್ತಿದೆ ಅಂತ. ಪಿಸ್ಟನ್ ಎರಡು ಸಲ ಮೇಲೆ ಬಂದರೆ ಡೆಲ್ಕೋ ಒಂದೇ ಸುತ್ತು ತಿರುಗುತ್ತದೆ, ಕಿಡಿ ಬೇಕಾದ್ದು ಅದರಲ್ಲಿ ಒಂದು ಸಲಕ್ಕೆ ಮಾತ್ರ, ಅದಕ್ಕೇ ಈ ಬೆರಳಿನ ಪರೀಕ್ಷೆ ಬಿಡಬಾರದು. ಆಮೇಲೆ ಗೇರ್‌ಬಾಕ್ಸ್ ಕಿಂಡಿಯ ರಬ್ಬರ್ ಮುಚ್ಚಳ ತೆಗೆದು ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ದೊಡ್ಡ ಚಕ್ರ) ಗುರುತು ಹುಡುಕಿದೆ. ಮೂವತ್ತು ವರ್ಷದ ಜಿಡ್ಡು! ಸೀಮೆಎಣ್ಣೆಯಲ್ಲಿ ಒರೆಸಿ, ಮಗಳ ಬಿಳಿ ಪೇಂಟ್‌ನ ಗೀರು ಎಳೆದು, ಅದನ್ನು ಕಿಂಡಿಯ ಗುರುತಿಗೆ ಸರಿಯಾಗಿ ತಂದು ನಿಲ್ಲಿಸಿದೆ. ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಅಂತ ಇಲ್ಲಿ ಬರೆಯುವುದಿಲ್ಲ. ನಿಮ್ಮ ಮಾಡೆಲ್‌ನ ಮ್ಯಾನ್ಯುವಲ್ ಹೇಳುವುದೇ ಸರಿ.

ನಂತರ ಬಲ್ಬ್. 12 ವೋಲ್ಟ್ ಬಲ್ಬಿನ ಒಂದು ವೈರ್ ಕಾಯಿಲ್‌ನಿಂದ (ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಕೊಡುವುದು ಇದೇ) ಡೆಲ್ಕೋಗೆ ಹೋಗುವ ಟರ್ಮಿನಲ್‌ಗೆ, ಇನ್ನೊಂದು ಗಾಡಿಯ ಲೋಹದ ಮೈಗೆ. ಕೀ ಆನ್ ಮಾಡಿದಾಗ ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಹತ್ತುವುದಿಲ್ಲ. ತೆರೆದ ಕ್ಷಣ ಹತ್ತುತ್ತದೆ. ಕಿಡಿ ಹಾರುವುದೂ ಅದೇ ಕ್ಷಣಕ್ಕೆ. ರೋಟರ್ ತಿರುಗುವ ದಿಕ್ಕಿಗೆ ಡೆಲ್ಕೋ ತಿರುಗಿಸಿದರೆ ಬಲ್ಬ್ ಆರಿತು. ಎದುರು ದಿಕ್ಕಿಗೆ ಕೂದಲೆಳೆಯಷ್ಟು ತಂದಾಗ ಹತ್ತಿತು. ಅಲ್ಲೇ ಬಿಗಿ ಮಾಡಿದೆ. ಕೀ ಜಾಸ್ತಿ ಹೊತ್ತು ಆನ್ ಇಡಬೇಡಿ, ಕಾಯಿಲ್ ಸುಡುತ್ತದೆ.

ಸ್ಟಾರ್ಟ್ ಮಾಡಿ ಒಂದು ಸುತ್ತು ಹಾಕಿದೆ. ಕಟಕಟ ಮಾಯ. ಚಹಾ ಕುಡಿದು ಸುಮ್ನೆ ಇರಬೇಕಿತ್ತು ಅಲ್ವಾ? ಡೆಲ್ಕೋ ಹೇಗೂ ಬಿಚ್ಚಿದ್ದೇನೆ, ಪಾಯಿಂಟ್ ಗ್ಯಾಪ್ ಕೂಡ ನೋಡೋಣ ಅಂತ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿದೆ. 0.45 ಮಿಲಿಮೀಟರ್ ಸಮೀಪ ಇರಬೇಕಾದ ಜಾಗದಲ್ಲಿ 0.25 ಕೂಡ ಬಿಗಿಯಾಗಿ ಹೋಯಿತು. ಖುಷಿಯಿಂದ ಗ್ಯಾಪ್ ಸರಿ ಮಾಡಿದೆ. ಮತ್ತೆ ಬ್ರಿಡ್ಜ್ ಏರಿದರೆ ತೊಗರಿ ಡಬ್ಬ ಮೊದಲಿಗಿಂತ ಜೋರು.

ಗಾಡಿ ನಿಲ್ಲಿಸಿ ಕೂತು ಯೋಚಿಸಿದಾಗ ಪೂರ್ತಿ ಕಥೆ ತಿಳಿಯಿತು. ಡೆಲ್ಕೋ ಶಾಫ್ಟಿನ ಉಬ್ಬಾದ ಕ್ಯಾಮ್‌ಗೆ ಉಜ್ಜುವ ಪಾಯಿಂಟ್‌ನ ಹಿಮ್ಮಡಿ ಸವೆದಷ್ಟೂ ಗ್ಯಾಪ್ ಕಿರಿದಾಗುತ್ತದೆ. ಗ್ಯಾಪ್ ಕಿರಿದಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಗಾಡಿ ಎಳೆಯದೇ ಇದ್ದದ್ದು ಅದಕ್ಕೇ. ಉಸ್ತಾದ್ ರೋಗ ಬಿಟ್ಟು ಡೆಲ್ಕೋ ತಿರುಗಿಸಿದ. ನಾನು ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಹಿಗ್ಗಿಸಿದೆ, ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮತ್ತೆ ಮುಂದಕ್ಕೆ ಓಡಿತು. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಬೆವರು ಸುರಿಸುತ್ತಾ ಎಲ್ಲವನ್ನೂ ಮತ್ತೊಮ್ಮೆ ಮಾಡಿದೆ. ಮಗ ದೂಕುವುದಕ್ಕೆ ಈ ಸಲ ಐಸ್‌ಕ್ರೀಮ್ ಕೇಳಿದ.

ಸಂಜೆ ಗೆಳೆಯನ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪ) ತಂದು ಒಂದನೇ ಪ್ಲಗ್ ವೈರಿಗೆ ಸಿಕ್ಕಿಸಿದೆ. ಎಂಜಿನ್ ಎಳೆತಕ್ಕೆ ತಕ್ಕಂತೆ ಟೈಮಿಂಗ್ ಬದಲಿಸುವ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿದ್ದೆ. ಬೆಳಕಿನಲ್ಲಿ ಬಿಳಿ ಗೀರು ನಿಂತಲ್ಲೇ ನಿಂತಂತೆ ಕಂಡಿತು. ಎಕ್ಸಲೇಟರ್ ಕೊಟ್ಟರೆ ಗೀರು ಜಾರಿತು. ಡೆಲ್ಕೋ ಒಳಗಿನ ತೂಕದ ಬಟ್ಟುಗಳು ಕೆಲಸ ಮಾಡುತ್ತಿವೆ ಅಂತ ಅರ್ಥ. ಅವು ಬೇಕೇ ಬೇಕು. 900 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ ಸುಮಾರು 5 ಡಿಗ್ರಿ ತಿರುಗಿದರೆ, 3000ದಲ್ಲಿ 18 ಡಿಗ್ರಿ. ಪೆಟ್ರೋಲ್ ಉರಿಯಲು ಹೊತ್ತು ಬೇಕು, ಅದಕ್ಕೇ ವೇಗ ಹೆಚ್ಚಿದಂತೆ ಕಿಡಿ ಮೊದಲೇ ಹಾರಬೇಕು. ಗೀರು ಒಂದೇ ಕಡೆ ನಿಲ್ಲದೆ ಕುಣಿದರೆ ಡೆಲ್ಕೋ ಶಾಫ್ಟ್ ಸವೆದಿರಬಹುದು. ನನ್ನದು ಸ್ವಲ್ಪ ಕುಣಿಯಿತು, ಕಂಡೂ ಕಾಣದಂತೆ ಬಿಟ್ಟೆ.

ಮರುದಿನ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದವರೆಗೆ ಹೋಗಿ ಕೆಂಪು ಬಾಳೆಹಣ್ಣು ತಂದೆ. ಏರಿನಲ್ಲೂ ಸದ್ದಿಲ್ಲ. ಬರುವಾಗ ಗ್ಯಾರೇಜಿನ ಮುಂದೆ ನಿಲ್ಲಿಸಿ ಉಸ್ತಾದ್‌ಗೂ ಎರಡು ಹಣ್ಣು ಕೊಟ್ಟೆ. ಅವನು ಬಾನೆಟ್ ಎತ್ತಿ, ಎಕ್ಸಲೇಟರ್ ವೈರ್ ಎಳೆದು ಕೇಳಿ, "ಛಲೋ ಅದ ರೀ. ಇನ್ನೊಂಚೂರು ಮುಂದ ಇಟ್ಟಿದ್ರ ಪಿಕಪ್ ಇನ್ನೂ ಬರ್ತಿತ್ತು ನೋಡ್ರಿ" ಅಂತ ಪಾನಾ ಕೈಗೆತ್ತಿಕೊಂಡ. ನಾನು ಬಾನೆಟ್ ಮುಚ್ಚಿಬಿಟ್ಟೆ.