ದ್ವೀಪಕ್ಕೆ ಹೊರಡುವವರ ಅಕ್ಕಿ ಕಟ್ಟು

ನಮ್ಮ ಮನೆಯ ಮಕ್ಕಳು, ಅಂದರೆ ಈಗ ತಾವೇ ತಲೆ ನರೆಸಿಕೊಂಡಿರುವ ಮಕ್ಕಳು, ಲಕ್ಷದ್ವೀಪಕ್ಕೆ ಹೊರಡುವ ಅಂದವನ್ನು ಎರಡು ಬಾರಿ ಕಣ್ಣಾರೆ ಕಂಡ ಮೇಲೆ ಸುಮ್ಮನಿರಲಾರದೆ ಇದನ್ನು ಬರೆಯುತ್ತಿದ್ದೇನೆ. ಮಧ್ಯರಾತ್ರಿ ಮೊಬೈಲಿನಲ್ಲಿ ಟಿಕೆಟ್ ಅಗ್ಗವಾಗಿ ಕಂಡಿತೆಂದು ಏಳು ಮಂದಿಗೂ ಒಟ್ಟಿಗೆ ಕೊಂಡುಬಿಡುತ್ತಾರೆ. ಆ ಬಳಿಕ ಅಲ್ಲಿಗೆ ಹೋಗಲು ಅನುಮತಿ ಬೇಕೆಂಬುದು ನೆನಪಾಗುತ್ತದೆ. ಕೊನೆಗೆ ಹೊರಡುವ ಹಿಂದಿನ ಸಂಜೆ ಪೇಟೆಗೆ ಓಡಿ, ಕೈಗೆ ಸಿಕ್ಕಿದ ಬಿಸ್ಕತ್ತು, ನೂಡಲ್ಸ್, ಚಿಪ್ಸ್ ಪೊಟ್ಟಣಗಳನ್ನು ತುಂಬಿಕೊಂಡು ಬಂದು, ಎಲ್ಲ ಸಾಮಾನೂ ಆಯಿತಲ್ಲ ಅಮ್ಮ ಎನ್ನುತ್ತಾರೆ. ಪೊಟ್ಟಣದ ತುಂಬ ಗಾಳಿಯಿರುವುದನ್ನು ಹೊತ್ತುಕೊಂಡು ಸಮುದ್ರ ದಾಟುವ ಬುದ್ಧಿಗೆ ಏನೆನ್ನಬೇಕೆಂದು ನನಗೆ ತಿಳಿಯದು.

ಮೊದಲು ಅನುಮತಿ, ಅನಂತರ ಟಿಕೆಟ್, ಅದಾದ ಮೇಲೆ ಅಕ್ಕಿ. ಈ ಕ್ರಮವನ್ನು ತಪ್ಪಿಸಬಾರದು. ಲಕ್ಷದ್ವೀಪಕ್ಕೆ ಹೊರಗಿನವರು ಕಾಲಿಡಲು ಅನುಮತಿ ಪಡೆಯಬೇಕೆಂಬ ನಿಯಮ 1967ರಿಂದಲೇ ಇದೆ. ಅಲ್ಲಿ ಉಳಿದುಕೊಳ್ಳುವ ಮನೆಯವರು ಅಥವಾ ಪ್ರವಾಸವನ್ನು ಏರ್ಪಡಿಸುವವರು ಸಾಮಾನ್ಯವಾಗಿ ಅರ್ಜಿಯ ಕೆಲಸವನ್ನು ನೋಡಿಕೊಳ್ಳುತ್ತಾರೆ. ಆದರೂ ಗುರುತಿನ ಚೀಟಿ, ಭಾವಚಿತ್ರ, ಪೊಲೀಸ್ ಠಾಣೆಯ ಪ್ರಮಾಣಪತ್ರ ಎಂದು ಓಡಾಟ ನಮ್ಮ ಪಾಲಿಗೂ ಬಂದೇ ಬರುತ್ತದೆ, ಅದಕ್ಕೆ ದಿನ ಹಿಡಿಯುತ್ತದೆ. ನವರಾತ್ರಿ ಕಳೆದ ಮೇಲೆ ಹೊರಟು ಬೇಸಗೆಯ ಸೆಕೆ ಏರುವ ಮುನ್ನ ಮರಳುವುದು ಒಳ್ಳೆಯದು. ಮಳೆಗಾಲದಲ್ಲಿ ಕಡಲು ಸುಮ್ಮನಿರುವುದಿಲ್ಲ, ಸಣ್ಣ ಹಡಗುಗಳು ದಡ ಬಿಡುವುದಿಲ್ಲ, ಅಂಗಡಿಗಳಲ್ಲಿಯೂ ಸಾಮಾನು ತೆಳ್ಳಗಾಗುತ್ತದೆ.

ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣದಿಂದ ಲಕ್ಷದ್ವೀಪದ ವಿಮಾನ ಇಳಿಯುವ ಅಗತ್ತಿ ದ್ವೀಪಕ್ಕೆ ಸುಮಾರು 459 ಕಿಲೋಮೀಟರ್. ಸಣ್ಣ ವಿಮಾನ ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ಕಾಸರಗೋಡಿನಲ್ಲಿ ರಾತ್ರಿ ರೈಲು ಹತ್ತಿ, ಅಪರಾತ್ರಿಯಲ್ಲಿ ವಿಮಾನ ನಿಲ್ದಾಣದ ಸಮೀಪದ ಆಲುವದಲ್ಲಿ ಇಳಿದು, ನಿದ್ದೆಗಣ್ಣಿನ ಮಕ್ಕಳನ್ನು ಎಳೆದುಕೊಂಡು ನೇರವಾಗಿ ವಿಮಾನಕ್ಕೆ ಓಡುವ ಸಾಹಸವನ್ನು ನನ್ನ ಮಗ ಮೊದಲ ಬಾರಿ ಮಾಡಿದ. ರೈಲು ತಡವಾದರೆ ವಿಮಾನವೇನು ನಮ್ಮೂರಿನ ಬಸ್ಸಿನಂತೆ ಗೇಟಿನ ಬಳಿ ಕಾಯುತ್ತದೆಯೇ? ಎರಡನೆಯ ಬಾರಿ ನಾನು ಹಟ ಹಿಡಿದು ಒಂದು ದಿನ ಮೊದಲೇ ಹೊರಡಿಸಿದೆ. ಶಂಕರಾಚಾರ್ಯರು ಹುಟ್ಟಿದ ಕಾಲಡಿ ವಿಮಾನ ನಿಲ್ದಾಣಕ್ಕೆ ಹತ್ತಿರವೇ ಇದೆ. ಅಲ್ಲಿ ಉಳಿದು, ಪೆರಿಯಾರ್ ಹೊಳೆಯಲ್ಲಿ ಕಾಲು ತೊಳೆದು, ಹೊಟ್ಟೆ ತುಂಬ ಉಂಡು ಮಲಗಿ, ಬೆಳಗ್ಗೆ ಸಾವಕಾಶವಾಗಿ ಹೊರಟೆವು. ಮರಳುವಾಗಲೂ ಹಾಗೆಯೇ ಒಂದು ದಿನ ಕೈಯಲ್ಲಿಟ್ಟುಕೊಳ್ಳಬೇಕು. ಅಗತ್ತಿಯಿಂದ ಬಂದಿಳಿದ ದಿನವೇ ಮತ್ತೊಂದು ದೂರದ ವಿಮಾನಕ್ಕೆ ಟಿಕೆಟ್ ಮಾಡುವವರ ಧೈರ್ಯವನ್ನು ನಾನು ಮೆಚ್ಚಲಾರೆ.

ಭಾರದ ಲೆಕ್ಕ ಬೇರೆ ಇದೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ದೊಡ್ಡ ಚೀಲ, 7 ಕಿಲೋ ಕೈಚೀಲ ಎಂದಿರುತ್ತದೆ. ಸಣ್ಣ ವಿಮಾನದಲ್ಲಿ ಅದಕ್ಕಿಂತ ಕಡಿಮೆಯೂ ಇರಬಹುದಾದ ಕಾರಣ ಟಿಕೆಟಿನಲ್ಲಿ ಅಚ್ಚಾಗಿರುವುದನ್ನು ಕನ್ನಡಕ ಹಾಕಿಕೊಂಡು ಓದಬೇಕು. ಚೀಲಗಳನ್ನು ಮನೆಯಲ್ಲಿಯೇ ತೂಗಿಬಿಡಿ. ಅಡಿಕೆ ತೂಗುವ ತಕ್ಕಡಿ ಇರುವ ಮನೆಯವರೇ ವಿಮಾನ ನಿಲ್ದಾಣದಲ್ಲಿ ಎಲ್ಲರೆದುರು ಚೀಲ ಬಿಚ್ಚಿ ಉಪ್ಪಿನಕಾಯಿಯ ಭರಣಿಯನ್ನು ಹೊರಗೆ ತೆಗೆಯುವುದನ್ನು ನೋಡಿದಾಗ ನಾಚಿಕೆಯಾಗುತ್ತದೆ. ಉಪ್ಪಿನಕಾಯಿ, ತುಪ್ಪ, ಎಣ್ಣೆ ಎಲ್ಲವೂ ದೊಡ್ಡ ಚೀಲಕ್ಕೆ. ಬೆಂಕಿಪೆಟ್ಟಿಗೆ, ಕರ್ಪೂರಗಳನ್ನು ಯಾವ ಚೀಲಕ್ಕೂ ಹಾಕಬೇಡಿ. ಸಂಜೆಯ ದೀಪಕ್ಕೆ ಬೆಂಕಿಕಡ್ಡಿ ಅಲ್ಲಿಯ ಅಂಗಡಿಯಲ್ಲಿಯೇ ಸಿಗುತ್ತದೆ.

ಇನ್ನು ಕೊಬ್ಬರಿಯ ವಿಚಾರ. ನನ್ನ ದೊಡ್ಡ ಸೊಸೆ, ಒಳ್ಳೆಯ ಹುಡುಗಿಯೇ, ಚಟ್ನಿಹುಡಿಗೆ ಬೇಕಾದೀತೆಂದು ನಾಲ್ಕು ಬಟ್ಟಲು ಒಣಕೊಬ್ಬರಿಯನ್ನು ನನಗೆ ಹೇಳದೆ ಚೀಲದ ಅಡಿಯಲ್ಲಿ ಇಟ್ಟಿದ್ದಳು. ತಪಾಸಣೆಯವರು ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ್ದ ಚೀಲ ಕುರುಕ್ಷೇತ್ರವಾಯಿತು. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನವಿರುವುದರಿಂದ ವಿಮಾನಕ್ಕೆ ಅದು ನಿಷಿದ್ಧ. ಅಟ್ಟದ ಮೇಲೆ ಸರಿಯಾಗಿ ಒಣಗದ ಕೊಬ್ಬರಿಯನ್ನು ರಾಶಿ ಹಾಕಿ, ಮರುದಿನ ಅದರೊಳಗೆ ಕೈಯಿಟ್ಟು ಬಿಸಿಯನ್ನು ಮುಟ್ಟಿ ನೋಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟಕ್ಕೂ ಲಕ್ಷದ್ವೀಪಕ್ಕೆ ಇಲ್ಲಿಂದ ತೆಂಗು ಒಯ್ಯುವುದೆಂದರೇನು? ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಕೇಂದ್ರದವರು ಬಿಡುಗಡೆ ಮಾಡಿದ ಚಂದ್ರಕಲ್ಪ ತಳಿಯ ಮೂಲವೇ ಆ ದ್ವೀಪಗಳ ತೆಂಗು. ಅಲ್ಲಿಯ ಕಾಯಿ ಸಣ್ಣದು, ತಿರುಳಿನಲ್ಲಿ ಎಣ್ಣೆ ಧಾರಾಳ, ಅರೆದರೆ ಮೇಲಾರ (ಮಜ್ಜಿಗೆಹುಳಿ) ಬೆಣ್ಣೆಯಂತೆ ಬರುತ್ತದೆ.

ಅಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿದುಕೊಂಡೇ ಸಾಮಾನು ಕಟ್ಟಬೇಕು. ಹಿಂದೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳು ನಮ್ಮ ಕಾಸರಗೋಡಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವು ಕೇಂದ್ರದ ಆಡಳಿತಕ್ಕೆ ಹೋದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ಮಂಗಳೂರಿನ ಬಂದರಿಗೆ ತಂದು, ಮರಳುವಾಗ ಅಕ್ಕಿ ತುಂಬಿಕೊಂಡು ಹೋಗುತ್ತಿದ್ದರೆಂದು ನನ್ನ ಅಪ್ಪ ಹೇಳುತ್ತಿದ್ದರು. ಆ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ಈಗಲೂ ಅಕ್ಕಿ, ಬೇಳೆ, ತರಕಾರಿ ಎಲ್ಲವೂ ಹಡಗಿನಲ್ಲಿಯೇ ಹೋಗಬೇಕು. ಮೀನು ತಿನ್ನುವವರಿಗೆ ಚಿಂತೆಯಿಲ್ಲ, ಕೇದಾರೆ (ಟ್ಯೂನಾ) ಮೀನು ಬೇಕಾದಷ್ಟು ಸಿಗುತ್ತದೆ. ನಮ್ಮಂಥ ಸೊಪ್ಪು ಸದೆಯವರು ಮಾತ್ರ ಮುಂದಾಲೋಚನೆ ಮಾಡಬೇಕು. ನುಗ್ಗೆಸೊಪ್ಪು ಅಲ್ಲಿದೆ, ದೀವಿಹಲಸೂ ಇದೆ. ನಮ್ಮ ಹಿರಿಯರು ಜೀಗುಜ್ಜೆಗೆ ದೀವಿಯ, ಅಂದರೆ ದ್ವೀಪದ, ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹುಳಿಗೆ ಒಣಗಿದ ಪುನರ್ಪುಳಿ ಸಿಪ್ಪೆಯನ್ನು ಒಯ್ಯಿರಿ. ಅದಕ್ಕೆ ಭಾರವೇ ಇಲ್ಲ, ಬೆಲ್ಲದೊಂದಿಗೆ ಕುದಿಸಿದರೆ ಮಧ್ಯಾಹ್ನದ ಸಾರೂ ಆಯಿತು, ಬಿಸಿಲಿಗೆ ತಂಪೂ ಆಯಿತು. ತರಕಾರಿಯಲ್ಲಿ ತೆಂಗಿನ ಗರಿಯಲ್ಲಿ ಕಟ್ಟಿ ತೂಗುಹಾಕಿದ್ದ ಹಳೆಯ ಸೌತೆಕಾಯಿ ಒಂದು ಸಾಕು. ಉಳಿದಂತೆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳ್ಕ ಮೆಣಸು, ಹಪ್ಪಳ, ಮಾವಿನ ರಸ ಒಣಗಿಸಿದ ಮಾಂಬಳ.

ಈಗ ನನ್ನ ಕಟ್ಟಿನ ವಿಷಯಕ್ಕೆ ಬರುತ್ತೇನೆ. ಇದನ್ನು ಕಂಡು ನಗುವವರು ನಗಲಿ. ನಾನು ಸಾಮಾನನ್ನು ಸಾಮಾನಿನ ಲೆಕ್ಕದಲ್ಲಿ ಕಟ್ಟುವುದಿಲ್ಲ, ದಿನದ ಲೆಕ್ಕದಲ್ಲಿ ಕಟ್ಟುತ್ತೇನೆ. ಅಕ್ಕಿಯೆಲ್ಲ ಒಂದು ಚೀಲದಲ್ಲಿ, ಬೇಳೆಯೆಲ್ಲ ಇನ್ನೊಂದರಲ್ಲಿ ಎಂದು ತುಂಬಿದರೆ ಮೊದಲ ಎರಡು ದಿನ ಕೈ ಧಾರಾಳವಾಗಿ ಓಡುತ್ತದೆ, ಮೂರನೆಯ ದಿನ ಬೇಳೆ ಮುಗಿದಿರುತ್ತದೆ. ಅಕ್ಕಿಯ ಚೀಲವೇ ಹಿಂದೆ ಉಳಿದುಬಿಟ್ಟರೆ ಏಳು ಮಂದಿ ಬೇಳೆಯ ಮುಖ ನೋಡುತ್ತಾ ಕುಳಿತುಕೊಳ್ಳಬೇಕು. ದಿನಕ್ಕೊಂದು ಕಟ್ಟು ಮಾಡಿ, ಒಂದೊಂದು ಚೀಲಕ್ಕೆ ಒಂದೊಂದು ಕಟ್ಟನ್ನು ಹಂಚಿದರೆ, ಯಾವ ಚೀಲ ತಪ್ಪಿದರೂ ಒಂದು ದಿನದ ಊಟ ಮಾತ್ರ ತಪ್ಪುತ್ತದೆ.

ಕಟ್ಟಿಗೆ ಹಳೆಯ ಹತ್ತಿ ಪಂಚೆಯೇ ಆಗಬೇಕು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಗಂಟು ಜಾರುತ್ತದೆ. ಪಂಚೆಯನ್ನು ಸಾಬೂನಿಲ್ಲದೆ ಬಿಸಿನೀರಿನಲ್ಲಿ ಕುದಿಸಿ, ಎರಡು ಬಾರಿ ಜಾಲಿಸಿ, ಗರಿಗರಿಯಾಗುವಂತೆ ಒಣಗಿಸಿ. ಈಗಿನ ಸುವಾಸನೆಯ ಹುಡಿಯಲ್ಲಿ ಒಗೆದರೆ ಅನ್ನಕ್ಕೆ ಮಲ್ಲಿಗೆಯ ವಾಸನೆ ಬಂದು ಉಣ್ಣಲಾಗುವುದಿಲ್ಲ. (ಹಳೆಯ ಪಂಚೆಯನ್ನು ಕಸಕ್ಕೆ ಎಸೆದು ನೆಲ ಒರೆಸಲು ಪೇಟೆಯಿಂದ ಬಟ್ಟೆ ಕೊಂಡು ತರುವವರೂ ನಮ್ಮ ಮನೆಯಲ್ಲಿದ್ದಾರೆ, ಆ ಬಟ್ಟೆ ನೀರನ್ನು ಹೀರುವುದಿಲ್ಲ, ಮೂಲೆಯಿಂದ ಮೂಲೆಗೆ ದೂಡುತ್ತದೆ ಅಷ್ಟೆ.) ಒಂದೂವರೆ ಮೊಳದ ಚೌಕವಾಗಿ ಹರಿದುಕೊಳ್ಳಿ. ಕುಚ್ಚಿಲಕ್ಕಿ ಬೇಯಲು ತುಂಬ ಹೊತ್ತು ಹಿಡಿಯುತ್ತದೆ, ಪರರ ಮನೆಯ ಗ್ಯಾಸು ಸುಡಬಾರದು. ಆದುದರಿಂದ ಭತ್ತವನ್ನು ಕುದಿಸದೆ ಮಾಡಿದ ಬೆಳ್ತಿಗೆ ಅಕ್ಕಿ. ಅದನ್ನು ಅರ್ಧ ದಿನ ಬಿಸಿಲಿಗೆ ಹರಡಿ, ಅನಂತರ ನೆರಳಿನಲ್ಲಿ ಪೂರ್ತಿ ತಣಿಯಲು ಬಿಡಬೇಕು. ಎಲ್ಲರೂ ತಪ್ಪುವುದು ಇಲ್ಲಿಯೇ. ಬೆಚ್ಚಗಿರುವಾಗಲೇ ಕಟ್ಟಿದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ. ಮುಷ್ಟಿಯನ್ನು ಅಕ್ಕಿಯ ನಡುವೆ ಹೂತು ನೋಡಿ. ಕೊಡದ ನೀರಿನಂತೆ ತಣ್ಣಗಿರಬೇಕು.

ಬೇಳೆ ಹೆಸರಿನದ್ದಾಗಲಿ. ದ್ವೀಪದ ಬಾವಿಯ ನೀರು ಸುಣ್ಣದ ಗಡಸು ನೀರು, ಅದರಲ್ಲಿ ತೊಗರಿಬೇಳೆ ಎಷ್ಟು ಬೇಯಿಸಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಹೆಸರುಬೇಳೆಯನ್ನು ಪರಿಮಳ ಏಳುವವರೆಗೆ, ಬಣ್ಣ ಬದಲಾಗುವ ಮುನ್ನ, ಸಣ್ಣ ಉರಿಯಲ್ಲಿ ಹುರಿದು ತಣಿಸಿ. ಬೇಳೆ, ಸಾರಿನ ಹುಡಿ, ಒಣಮೆಣಸು, ಪುನರ್ಪುಳಿ, ಬಾಳೆಯ ಒಣ ಎಲೆಯಲ್ಲಿ ಸುತ್ತಿದ ಬೆಲ್ಲದ ತುಂಡು, ಇವನ್ನೆಲ್ಲ ಬೇರೆಬೇರೆ ಸಣ್ಣ ಗಂಟು ಮಾಡಬೇಕು. ಸಾರಿನ ಹುಡಿಗೆ ಮಾತ್ರ ಒಳಗೊಂದು ಕಾಗದದ ಪದರ ಹೆಚ್ಚು. ಚೌಕದ ಬಟ್ಟೆಯ ಮೇಲೆ ಅರ್ಧ ಅಕ್ಕಿ ಸುರಿದು, ನಡುವೆ ಗೂಡಿನಂತೆ ಗುಳಿ ಮಾಡಿ, ಸಣ್ಣ ಗಂಟುಗಳನ್ನು ಅದರಲ್ಲಿ ಕೂರಿಸಿ, ಉಳಿದ ಅಕ್ಕಿಯಿಂದ ಮುಚ್ಚಿ. ಚೀಲವನ್ನು ಯಾರು ಎತ್ತಿ ಎಸೆದರೂ ಒಳಗಿನ ಬೆಲ್ಲ ಒಡೆಯುವುದಿಲ್ಲ. ಅಕ್ಕಿ ಒಬ್ಬರಿಗೆ ಹೊತ್ತಿಗೆ ಎರಡು ಮುಷ್ಟಿ, ನನ್ನ ಮುಷ್ಟಿಯಲ್ಲ, ಉಣ್ಣುವವರ ಮುಷ್ಟಿ. ನಮ್ಮ ಏಳು ಮಂದಿಯ ಕಟ್ಟು ಎತ್ತಿದಾಗ ಸುಲಿಯದ ತೆಂಗಿನಕಾಯಿಯಷ್ಟು ಭಾರ ಕೈಗೆ ಬರಬೇಕು.

ಎದುರುಬದುರಾದ ಎರಡು ಮೂಲೆಗಳನ್ನು ಬಿಗಿಯಾಗಿ ಕಟ್ಟಿ, ಉಳಿದ ಎರಡನ್ನು ಬೆರಳು ತೂರುವಂತೆ ಕುಣಿಕೆಯಾಗಿ ಬಿಡಿ. ಅಲ್ಲಿ ಹೋದ ಕೂಡಲೆ ಮೊಳೆಗೆ ತೂಗುಹಾಕಿದರೆ ಇರುವೆ ಹತ್ತುವುದಿಲ್ಲ. ಕುಣಿಕೆಯಿಂದ ಒಂದು ನೂಲು ಇಳಿಬಿಟ್ಟು, ಮೊದಲ ದಿನದ ಕಟ್ಟಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಹಾಕುತ್ತಾ ಹೋಗಿ. ಮಗಳು ಚೀಟಿ ಅಂಟಿಸಬಹುದಲ್ಲ ಎಂದಳು. ಕರೆಂಟು ಹೋದಾಗ ಚೀಟಿಯನ್ನು ಓದುವವರು ಯಾರು? ಗಂಟನ್ನು ಬೆರಳೇ ಓದುತ್ತದೆ. ನನ್ನ ಅತ್ತೆ ಕುಕ್ಕೆಯ ಷಷ್ಠಿಗೆ ಹೊರಡುವಾಗ ಹೀಗೆಯೇ ಕಟ್ಟುತ್ತಿದ್ದರು. ಕತ್ತಲೆಯಲ್ಲಿ ಎದ್ದು, ದೀಪ ಹಚ್ಚದೆ, ಸರಿಯಾದ ಕಟ್ಟನ್ನೇ ಎಳೆಯುತ್ತಿದ್ದರು.

ಮೊದಲ ದಿನದ ಕಟ್ಟಿನಲ್ಲಿ ಬೆಂಕಿ ಬೇಡದ ಅವಲಕ್ಕಿ ಇರಲಿ, ಕೊನೆಯದರಲ್ಲಿ ಹುರಿದ ಸಜ್ಜಿಗೆ ಮಾತ್ರ ಸಾಕು. ಇವುಗಳ ಜೊತೆಗೆ ಗಂಟಿಲ್ಲದ ನೂಲಿನ ಒಂದು ಕಟ್ಟು ಹೆಚ್ಚಾಗಿಯೇ ಇರಬೇಕು: ಅವಲಕ್ಕಿ, ಬೆಲ್ಲ, ಹುರಿದ ನೆಲಗಡಲೆ, ನಾಲ್ಕು ಚಕ್ಕುಲಿ. ಇದು ಯಾರಿಗೆ ಎಂದು ಸೊಸೆ ಕೇಳಿದ್ದಳು. ಮರಳುವ ದಿನ ಗಾಳಿಮಳೆಯಿಂದ ವಿಮಾನ ಬಾರದೆ, ನಾಳೆ ನೋಡೋಣ ಎಂದು ನಮ್ಮನ್ನು ಹಿಂದಕ್ಕೆ ಕಳುಹಿಸಿದಾಗ, ಏಳು ಮಂದಿಯೂ ಆ ಕಟ್ಟಿನ ಸುತ್ತ ಕುಳಿತರು. ಚಕ್ಕುಲಿ ಕಡಿಮೆಯಾಯಿತೆಂದು ಮೊಮ್ಮಗ ದೂರಿದನೇ ಹೊರತು ಅದು ಯಾರಿಗೆಂದು ಮತ್ತೆ ಯಾರೂ ಕೇಳಲಿಲ್ಲ.

ಮನೆ ಬಿಡುವ ಮೊದಲು ಫ್ರಿಜ್ಜನ್ನು ಖಾಲಿ ಮಾಡಿ, ಒರೆಸಿ, ಸ್ವಿಚ್ಚು ಆರಿಸಿ, ಬಾಗಿಲಿಗೆ ಒಂದು ಬಟ್ಟೆಯ ಉಂಡೆ ಸಿಕ್ಕಿಸಿ ತೆರೆದಿಡಿ. ಮುಚ್ಚಿಟ್ಟರೆ ಮರಳಿದ ದಿನ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಮರಳುವಾಗ ಚೀಲಗಳು ಖಾಲಿಯಾಗಿರುವುದರಿಂದ ಮಕ್ಕಳು ದಡದ ಹವಳದ ತುಂಡುಗಳನ್ನು ಹೆಕ್ಕಿ ತುಂಬಲು ನೋಡುತ್ತಾರೆ. ಹವಳವನ್ನು ತರುವುದು ಕಾನೂನಿಗೆ ವಿರುದ್ಧ. ಚೀಲಗಳನ್ನು ನಾನೇ ಕೊಡವಿ ನೋಡಿ ಎರಡು ತುಂಡನ್ನು ಮರಳಿ ನೀರಿಗೆ ಹಾಕಿಸಿದೆ. ಬೇಕಿದ್ದರೆ ಅಲ್ಲಿಯವರು ತೆಂಗಿನ ಬೆಲ್ಲದಿಂದ ಮಾಡುವ ಉಂಡೆಯನ್ನು ತನ್ನಿ.

ಕಟ್ಟಿನ ಬಟ್ಟೆಗಳನ್ನು ಕುದಿಸಿ ಒಣಗಿಸಿ ಮಡಚಿಟ್ಟಿದ್ದೇನೆ. ತಂಗಿಯ ಮಗ ಮುಂದಿನ ತಿಂಗಳು ಹೆಂಡತಿ ಮಕ್ಕಳೊಡನೆ ಹೊರಡುತ್ತಾನಂತೆ. ನಿನ್ನೆ ಬಂದಿದ್ದಾಗ ಅನುಮತಿ ಬಂತೇ ಎಂದು ಕೇಳಿದೆ. ಟಿಕೆಟ್ ಆಗಿದೆ ದೊಡ್ಡಮ್ಮ, ಅಗ್ಗಕ್ಕೆ ಸಿಕ್ಕಿತು ಎಂದ.